ಕಬ್ಬಿಣದ ದಣಿವು

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಮಲಪನಗುಡಿ ಎಂಬ ಊರು ಸಿಗುತ್ತದೆ. ಹಂಪೆಯನ್ನು ಕಾಣುವ ಆತುರದಲ್ಲಿರುವ ಪ್ರವಾಸಿಗರು ಇಲ್ಲಿ ಇಳಿಯುವುದು ಕಡಮೆ. ಇಲ್ಲಿನ ಹಳೆಯ ಮೆಟ್ಟಿಲುಬಾವಿಯನ್ನು ನೋಡದೆಯೇ ಮುಂದಕ್ಕೆ ಸಾಗುತ್ತಾರೆ. ಕೆಲಸದಿಂದ ನಿವೃತ್ತನಾದ ಮೇಲೆ ನಾನು ನೆಲೆಸಿರುವುದು ಈ ಊರಿನಲ್ಲಿ. ನನ್ನ ಕಸುಬು ಬೆಸುಗೆಯ ಪರೀಕ್ಷೆ. ಅಂದರೆ ಬೇರೆಯವರು ಬೆವರು ಸುರಿಸಿ ಹಾಕಿದ ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡಿ, ಸರಿಯೆಂದೋ ತಪ್ಪೆಂದೋ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅವರ ಶಾಪಕ್ಕೆ ಗುರಿಯಾಗುವುದು. ಮೂವತ್ತು ವರ್ಷ ಇದನ್ನೇ ಮಾಡಿದ್ದರಿಂದ ಈಗಲೂ ಮುರಿದ ಕಬ್ಬಿಣ ಕಣ್ಣಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿಯ ಕೊಂಡಿ ಮುರಿದು ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಬೆಳಗಾಗುವ ಹೊತ್ತಿಗೆ ಸುದ್ದಿ ನಮ್ಮೂರ ಚಹದಂಗಡಿಗೆ ಬಂದಿತ್ತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಗೇಟು ಹೋದ ಬಾಯಿಯೊಂದರಿಂದಲೇ ಸುಮಾರು 35,000 ಕ್ಯುಸೆಕ್ ನೀರು ಹೊಳೆಗೆ ಬೀಳುತ್ತಿತ್ತು. ಆ ಬಾಯಿಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿ ನಿಂತಿದ್ದ ಜಲಾಶಯವನ್ನು ಕೈಯಾರೆ ಬರಿದುಮಾಡುವ ಆ ದೃಶ್ಯವನ್ನು ನೋಡಿದ ರೈತರ ಮುಖವನ್ನು ನಾನು ಮರೆಯಲಾರೆ. ನಾಟಿಯಾದ ಭತ್ತ ಗದ್ದೆಯಲ್ಲಿತ್ತು. ಎರಡನೆಯ ಬೆಳೆಯ ಆಸೆ ಮನಸ್ಸಿನಲ್ಲಿತ್ತು.

ಚಹದಂಗಡಿಯಲ್ಲಿ ನಡೆದ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ. ಅಷ್ಟು ದಪ್ಪದ ಕಬ್ಬಿಣ ಮುರಿಯುವುದೆಂದರೇನು? ಮೊದಲ ದಿನ ಮುರಿಯದ್ದು, ಇದಕ್ಕಿಂತ ದೊಡ್ಡ ಪ್ರವಾಹಗಳಲ್ಲಿ ಮುರಿಯದ್ದು, ಒಂದು ಶನಿವಾರ ರಾತ್ರಿ ಏಕೆ ಮುರಿಯಬೇಕು? ಒಬ್ಬರು ಕಂಟ್ರಾಕ್ಟರನ್ನು ಬೈದರು. ಇನ್ನೊಬ್ಬರು ಸರ್ಕಾರವನ್ನು ಬೈದರು. ಮೂಲೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ಮಾತ್ರ, “ಎಪ್ಪತ್ತು ವರ್ಷ ಎಳದೈತಿ. ಅದಕ್ಕೂ ಸಾಕಾಗಿರಬೇಕು ಬಿಡ್ರಿ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮುದುಕರು ಆಡಿದ್ದು ಎತ್ತಿನ ಬಗ್ಗೆ ಆಡುವ ಮಾತು. ಆದರೆ ವಿಜ್ಞಾನವೂ ಕಬ್ಬಿಣದ ವಿಷಯದಲ್ಲಿ ಅದೇ ಪದವನ್ನು ಬಳಸುತ್ತದೆ.

19ನೆಯ ಗೇಟಿನ ಕೊಂಡಿಯ ಬಗ್ಗೆ ತೀರ್ಪು ಹೇಳಲು ನಾನು ಹೊರಟಿಲ್ಲ. ತುಕ್ಕು, ಸವೆತ, ವಯಸ್ಸು, ಆರೈಕೆಯ ಕೊರತೆ ಎಂದು ಹಲವು ಮಾತುಗಳು ಬಂದವು. ನಾನು ಹೇಳಬೇಕೆಂದಿರುವುದು ಕಬ್ಬಿಣವೂ ದಣಿಯುತ್ತದೆ ಎಂಬುದನ್ನು ಮನುಷ್ಯ ಕಂಡುಕೊಂಡ ಕಥೆಯನ್ನು. ಸೋಜಿಗವೆಂದರೆ ಆ ಕಥೆ ಆರಂಭವಾಗುವುದೂ ಸರಪಳಿಯ ಕೊಂಡಿಯಿಂದಲೇ.

ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಕ್ಲೌಸ್ಟಾಲ್ ಎಂಬ ಗಣಿಯ ಊರಿದೆ. ನಮ್ಮ ಸಂಡೂರಿನಂತೆಯೇ ಅದೂ ಬೆಟ್ಟದ ಒಡಲನ್ನು ಬಗೆದು ಬದುಕಿದ ಊರು. ಅಲ್ಲಿ ಆಳವಾದ ಬಾವಿಗಳಿಂದ ಅದಿರನ್ನು ಕಬ್ಬಿಣದ ಸರಪಳಿಗಳಿಂದ ಮೇಲೆತ್ತುತ್ತಿದ್ದರು. ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬೆಸೆದ ಕೊಂಡಿಗಳು. ಹೊಸದಾಗಿದ್ದಾಗ ಎತ್ತಬೇಕಾದ ಭಾರಕ್ಕಿಂತ ಎಷ್ಟೋ ಹೆಚ್ಚು ಭಾರವನ್ನು ಅವು ತಾಳುತ್ತಿದ್ದವು. ಆದರೂ ಕೆಲವು ಕಾಲ ದುಡಿದ ಮೇಲೆ, ಎಂದಿನ ಭಾರವನ್ನೇ ಎತ್ತುತ್ತಿರುವಾಗ, ಹೇಳದೆ ಕೇಳದೆ ತುಂಡಾಗುತ್ತಿದ್ದವು. ಗಣಿಯ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ 1829ರ ಸುಮಾರಿಗೆ ಒಂದು ವಿಚಿತ್ರ ಯಂತ್ರವನ್ನು ಮಾಡಿಸಿದ. ಅದು ಸರಪಳಿಯನ್ನು ಒಮ್ಮೆಗೇ ಜಗ್ಗಿ ಮುರಿಯುವ ಯಂತ್ರವಲ್ಲ. ಸಾಧಾರಣ ಭಾರವನ್ನೇ ಹೇರುವುದು, ಇಳಿಸುವುದು, ಮತ್ತೆ ಹೇರುವುದು, ಇಷ್ಟೇ ಅದರ ಕೆಲಸ. ಹೀಗೆ ಒಂದು ಲಕ್ಷ ಸಲದವರೆಗೂ ನಡೆಸಿದ. ಸರಪಳಿಯನ್ನು ಕೊಲ್ಲುವುದು ಭಾರವಲ್ಲ, ಭಾರದ ಮರುಕಳಿಕೆ ಎಂಬುದು ಹೀಗೆ ಪರೀಕ್ಷೆಗೆ ಒಳಗಾಯಿತು.

ಆಲ್ಬರ್ಟ್ ಅಷ್ಟಕ್ಕೇ ನಿಲ್ಲಲಿಲ್ಲ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋದಂತೆ. ಪಕ್ಕದ ಕೊಂಡಿ ಎಷ್ಟೇ ಗಟ್ಟಿಯಾಗಿದ್ದರೂ ಅದು ನೆರವಿಗೆ ಬಾರದು. ಆದ್ದರಿಂದ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿ ಗಣಿಗೆ ಇಳಿಸಿದ. ಒಂದು ತಂತಿ ಹರಿದರೆ ಉಳಿದವು ಭಾರವನ್ನು ಹಂಚಿಕೊಳ್ಳುತ್ತವೆ. ನೋಡುವ ಕಣ್ಣಿದ್ದವನಿಗೆ ಮುನ್ಸೂಚನೆ ಸಿಗುತ್ತದೆ. ಇಂದು ಲಿಫ್ಟಿನಲ್ಲಿ ನಮ್ಮನ್ನು ಮೇಲೆತ್ತುವ ಉಕ್ಕಿನ ಹಗ್ಗದ ಮೂಲಪುರುಷ ಅದು.

ಈ ರೋಗಕ್ಕೆ ‘ದಣಿವು’ ಎಂಬ ಹೆಸರನ್ನು ಮೊದಲು ಅಚ್ಚಿಗೆ ತಂದವರು 1839ರಲ್ಲಿ ಫ್ರಾನ್ಸಿನ ಪೊನ್ಸ್‌ಲೆ ಎಂದು ಹೇಳುತ್ತಾರೆ. ಹೆಸರಿಟ್ಟ ಮೂರೇ ವರ್ಷಕ್ಕೆ, 1842ರ ಮೇ 8ರಂದು, ವರ್ಸೈಯಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಬೀಗ ಹಾಕಿದ ಡಬ್ಬಿಗಳೊಳಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಯೂರೋಪಿನ ಇಂಜಿನಿಯರುಗಳಿಗೆ ನಿದ್ದೆ ಬರಲಿಲ್ಲ. ರೈಲ್ವೆ ಇಲಾಖೆಯ ಔಗುಸ್ಟ್ ವೋಲರ್ ಎಂಬ ಜರ್ಮನ್ ಇಂಜಿನಿಯರು ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ಮುರಿದು, 1870ರ ಹೊತ್ತಿಗೆ ತನ್ನ ತೀರ್ಮಾನವನ್ನು ಮುಂದಿಟ್ಟ. ಲೋಹ ಒಮ್ಮೆಗೆ ಎಷ್ಟು ಭಾರ ತಾಳುತ್ತದೆ ಎಂಬ ಲೆಕ್ಕ ಸಾಲದು. ಏರುವ ಒತ್ತಡಕ್ಕೂ ಇಳಿಯುವ ಒತ್ತಡಕ್ಕೂ ನಡುವಣ ಅಂತರ ಎಷ್ಟು, ಆ ಏರಿಳಿತ ಎಷ್ಟು ಸಲ, ಎಂಬುದೇ ಆಯುಸ್ಸನ್ನು ನಿರ್ಣಯಿಸುತ್ತದೆ.

ಇತ್ತ ನಮ್ಮ ಸೀಮೆಯ ಕಬ್ಬಿಣದ ಕಥೆಯೂ ಹಳೆಯದೇ. 1904ರ ಬಳ್ಳಾರಿ ಗೆಜೆಟಿಯರಿನಲ್ಲಿ ಫ್ರಾನ್ಸಿಸ್ ದೊರೆ ಕಮಲಾಪುರದ ಕುಶಲಕರ್ಮಿಗಳ ವಿಷಯವನ್ನು ಬರೆದಿದ್ದಾನೆ. ಹೊಸಪೇಟೆಯ ಪಕ್ಕದ ಜಂಬುನಾಥನ ಬೆಟ್ಟದ ಅದಿರನ್ನು ಕರಗಿಸಿ, ಕಬ್ಬಿನ ಹಾಲು ಕಾಸುವ ದೊಡ್ಡ ಕೊಪ್ಪರಿಗೆಗಳನ್ನು ಅವರು ಮಾಡುತ್ತಿದ್ದರಂತೆ. ಸೀಮೆಯ ಅಗ್ಗದ ಕಬ್ಬಿಣ ಬಂದು ನಾಡಕಬ್ಬಿಣದ ಕುಲುಮೆ ಆರಿತು. ಕುಲುಮೆಯ ಬೆಸುಗೆಯನ್ನು ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ನೋಡಿರುತ್ತಾರೆ. ತಿದಿಯೊತ್ತಿ, ಕಬ್ಬಿಣ ಬೆಳ್ಳಗೆ ಕಾದು ಕಿಡಿಗಳು ಹಾರತೊಡಗಿದಾಗ ಒಂದು ಹಿಡಿ ಮರಳನ್ನು ಎರಚಿ, ಎರಡು ತುದಿಗಳನ್ನು ಅಡಿಗಲ್ಲಿನ ಮೇಲೆ ಕೂಡಿಸಿ ಬಡಿಯುವುದು. ಮರಳು ಕರಗಿ ಕಿಟ್ಟವನ್ನು ತೆಳ್ಳಗೆ ಮಾಡುತ್ತದೆ. ಏಟಿಗೆ ಅದು ಚಿಮ್ಮಿ ಹೊರಬೀಳುತ್ತದೆ. ಹೊರಬೀಳದೆ ಒಳಗುಳಿದ ಕಿಟ್ಟವೇ ಬೆಸುಗೆಯ ಶತ್ರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಮತ್ತೆ ಬರುತ್ತದೆ.

ವಿದ್ಯುತ್ತಿನ ಬೆಸುಗೆ ನಮ್ಮ ಕಡೆ ದೊಡ್ಡದಾಗಿ ಬೇರೂರಿದ್ದು ಅಣೆಕಟ್ಟಿನ ಹಿಂದೆಯೇ. 1945ರಲ್ಲಿ ಅಸ್ತಿಭಾರ ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿದ ತುಂಗಭದ್ರಾ ಯೋಜನೆಯಲ್ಲಿ ಕಟ್ಟಡವೆಲ್ಲ ಕಲ್ಲು ಮತ್ತು ಸುರ್ಕಿಗಾರೆ. ಗೇಟುಗಳು ಮಾತ್ರ ಉಕ್ಕು. ಗೇಟುಗಳ ಕೆಲಸಕ್ಕೆಂದು ಹುಟ್ಟಿದ ಕಾರ್ಯಾಗಾರ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು. ನಾಡಿನ ಎಷ್ಟೋ ಅಣೆಕಟ್ಟುಗಳ ಗೇಟು, ಎತ್ತುಯಂತ್ರ, ಪೆನ್‌ಸ್ಟಾಕ್ ಕೊಳವೆಗಳು ಇಲ್ಲಿ ತಯಾರಾಗಿ ಹೋದವು. ಹೊಸಪೇಟೆಯ ಎಷ್ಟೋ ಹುಡುಗರು ಮುಖಕ್ಕೆ ಕಪ್ಪು ಗಾಜಿನ ಮುಚ್ಚಳ ಹಿಡಿದು ಬೆಸುಗೆ ಕಲಿತದ್ದು ಅಲ್ಲಿ. 2015ರ ಕೊನೆಗೆ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಗೇಟು ಮಾಡಬಲ್ಲವರಿಗಾಗಿ ಹುಡುಕಾಟ ನಡೆದದ್ದನ್ನು ವಿಧಿಯ ಅಣಕವೆನ್ನಬೇಕೋ ನಮ್ಮ ಜಾಣತನವೆನ್ನಬೇಕೋ ತಿಳಿಯದು.

ಈಗ ನಮ್ಮೂರ ಬೆಸುಗೆಯ ಅಂಗಡಿಗೆ ಬರೋಣ. ರಸ್ತೆಯ ಪಕ್ಕದಲ್ಲೊಂದು ತಗಡಿನ ಚಪ್ಪರ. ಮುಂದೆ ನೇಗಿಲು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರೇಲರು. ಅಂಗಡಿಯ ಯಜಮಾನ ಕೈಗೆಲಸದಲ್ಲಿ ಗಟ್ಟಿಗ. ಒಂದು ದಿನ ಕಬ್ಬು ಸಾಗಿಸುವ ಟ್ರೇಲರೊಂದರ ಮುಂದಿನ ಮೂಕಿ ಮುರಿದು ಬಂದಿತ್ತು. ಹೋದ ಹಂಗಾಮಿನಲ್ಲಿ ಅದನ್ನು ಅವನೇ ಬೆಸೆದಿದ್ದ.

“ನನ್ನ ಬೆಸುಗೆ ಹೋಗಿಲ್ಲ ಸಾರ್, ನೋಡ್ರಿ. ಅದರ ಪಕ್ಕಕ್ಕ ಮುರದೈತಿ. ಕಬ್ಬಿಣಾನೇ ಸರಿಯಿಲ್ಲ” ಎಂದ.

ಅವನ ಮಾತು ನಿಜವಾಗಿತ್ತು. ತೀರ್ಮಾನ ಮಾತ್ರ ತಪ್ಪಾಗಿತ್ತು. ಬಿರುಕು ಹುಟ್ಟಿದ್ದು ಬೆಸುಗೆಯ ದಿಂಡು ಹೋಗಿ ತಗಡನ್ನು ಸೇರುವ ಬುಡದ ಗೆರೆಯಲ್ಲಿ. ಮುರಿದ ಮುಖವನ್ನು ಒರಸಿ ನೋಡಿದರೆ, ಸಮುದ್ರದ ಚಿಪ್ಪಿನ ಮೇಲಿನಂತೆ ಒಂದರ ಹಿಂದೊಂದು ನವುರಾದ ಬಳೆಗೆರೆಗಳು. ಕೊನೆಯ ಸ್ವಲ್ಪ ಭಾಗ ಮಾತ್ರ ಒರಟಾಗಿ, ಹೊಸದಾಗಿ ಹರಿದಂತೆ. ನವುರಾದ ಭಾಗ ತಿಂಗಳುಗಟ್ಟಲೆ ಹರಿದದ್ದು. ಒರಟಾದ ಭಾಗ ಒಂದು ಕ್ಷಣದಲ್ಲಿ ಹರಿದದ್ದು. ಜನ ನೋಡುವುದು ಕ್ಷಣವನ್ನು. ತಿಂಗಳುಗಳನ್ನು ಯಾರೂ ನೋಡಿರುವುದಿಲ್ಲ.

ಅವನು ಮೂಕಿಯನ್ನು ಮತ್ತೆ ಬೆಸೆದು, ಮುರಿದ ಜಾಗದ ಮೇಲೆ ಇನ್ನಷ್ಟು ಗಟ್ಟಿ ಉಕ್ಕಿನ ದಪ್ಪ ಪಟ್ಟಿಯೊಂದನ್ನು ಹೊದಿಸಿದ. ಮರುಹಂಗಾಮಿಗೆ ಅದು ಪಟ್ಟಿ ಮುಗಿಯುವ ಅಂಚಿನಲ್ಲಿ ಮುರಿಯಿತು. ಇದನ್ನು ಕಂಡು ನನಗೆ ನಗು ಬರಲಿಲ್ಲ. ಏಕೆಂದರೆ ಅಮೆರಿಕದ ಇಂಜಿನಿಯರುಗಳೂ ಇದೇ ಪಾಠವನ್ನು ಇದೇ ರೀತಿಯಲ್ಲಿ ಕಲಿತವರು. ಕನೆಕ್ಟಿಕಟ್ ರಾಜ್ಯದ ಯೆಲೊ ಮಿಲ್ ಪಾಂಡ್ ಸೇತುವೆಯ ತೊಲೆಗಳಿಗೆ ಬಲ ಬರಲೆಂದು ಉಕ್ಕಿನ ಪಟ್ಟಿಗಳನ್ನು ಬೆಸೆದಿದ್ದರು. 1970ರಲ್ಲಿ ನೋಡಿದರೆ ಪಟ್ಟಿಯ ತುದಿಯಲ್ಲೇ ತೊಲೆ ಬಿರಿದಿತ್ತು. ಅದೇ ವರ್ಷ ಲೀಹೈ ವಿಶ್ವವಿದ್ಯಾಲಯದ ಜಾನ್ ಫಿಶರ್ ಮತ್ತು ಸಂಗಡಿಗರು 300ಕ್ಕೂ ಹೆಚ್ಚು ತೊಲೆಗಳನ್ನು ದಣಿಸಿ ಮುರಿದ ಪರೀಕ್ಷೆಯ ಫಲ ಪ್ರಕಟವಾಯಿತು. ಮೆದು ಉಕ್ಕು, ಮಧ್ಯಮ ಉಕ್ಕು, ಅದರ ಎರಡು ಮೂರು ಪಟ್ಟು ಗಟ್ಟಿಯಾದ ಉಕ್ಕು, ಯಾವುದರಿಂದ ಮಾಡಿದರೂ ಬೆಸೆದ ತೊಲೆಗಳ ಆಯುಸ್ಸಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ತಂದದ್ದು ಎರಡೇ: ಒತ್ತಡದ ಏರಿಳಿತದ ಅಂತರ, ಮತ್ತು ಬೆಸುಗೆಯ ಆಕಾರ.

ದುಬಾರಿ ಉಕ್ಕಿಗೆ ಹಣ ಕೊಟ್ಟವನಿಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ಕಾರಣ ಸರಳವಾಗಿದೆ. ಬೆಸುಗೆಯಿಲ್ಲದ ನುಣುಪಾದ ಸರಳಿನಲ್ಲಿ ಆಯುಸ್ಸಿನ ಬಹುಭಾಗ ಬಿರುಕು ಹುಟ್ಟುವುದರಲ್ಲಿಯೇ ಕಳೆಯುತ್ತದೆ. ಗಟ್ಟಿ ಉಕ್ಕು ಆ ಹುಟ್ಟನ್ನು ತಡೆದು ಹಿಡಿಯುತ್ತದೆ. ಬೆಸುಗೆಯಲ್ಲಿ ಬಿರುಕು ಹುಟ್ಟಬೇಕಾಗಿಯೇ ಇಲ್ಲ, ಹುಟ್ಟಿಯೇ ಇರುತ್ತದೆ. 1967ರಲ್ಲಿ ಇಂಗ್ಲೆಂಡಿನ ಬೆಸುಗೆ ಸಂಶೋಧಕರು ಬೆಸುಗೆಯ ಬುಡವನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಲ್ಲಿ ಚೂಪಾದ ಕಿಟ್ಟದ ಎಸಳುಗಳು ತಗಡಿನೊಳಕ್ಕೆ ಇಳಿದಿರುವುದು ಕಂಡಿತು. ಆಳ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು, ಬರಿಗಣ್ಣಿಗೆ ಕಾಣದು. ಕುಲುಮೆಯವರ ಹಳೆಯ ಶತ್ರು ವಿದ್ಯುತ್ತಿನ ಕಾಲದಲ್ಲೂ ಅಲ್ಲೇ ಅಡಗಿ ಕುಳಿತಿತ್ತು! ಒಮ್ಮೆ ಹುಟ್ಟಿದ ಬಿರುಕು ಬೆಳೆಯುವ ವೇಗದಲ್ಲಿ ಮೆದು ಉಕ್ಕಿಗೂ ಗಟ್ಟಿ ಉಕ್ಕಿಗೂ ಹೆಚ್ಚಿನ ಭೇದವಿಲ್ಲ.

ಇದರ ಮೇಲೆ ಇನ್ನೊಂದು ತೊಂದರೆಯಿದೆ. ಕರಗಿದ ಲೋಹ ಆರುವಾಗ ಕುಗ್ಗಲು ನೋಡುತ್ತದೆ. ಸುತ್ತಲಿನ ತಣ್ಣಗಿರುವ ತಗಡು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ, ಹೊರಗಿನ ಭಾರ ಒಂದಿಷ್ಟೂ ಇಲ್ಲದಿದ್ದರೂ, ಬೆಸುಗೆಯ ಒಳಗೆ ಉಕ್ಕು ತಾಳಬಲ್ಲ ಮಿತಿಯವರೆಗೂ ಎಳೆತ ನಿಂತಿರುತ್ತದೆ. ಆದ್ದರಿಂದ ಒತ್ತುವ ಭಾರ ಬಿದ್ದರೂ ಬೆಸುಗೆ ಎಳೆತದಲ್ಲೇ ಏರಿಳಿಯುತ್ತಿರುತ್ತದೆ. ತಗಡು ದಪ್ಪವಾದರೆ ಕ್ಷೇಮವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅದೇ ಒತ್ತಡದಲ್ಲಿ ದಪ್ಪ ತಗಡಿನ ಬೆಸುಗೆ ತೆಳು ತಗಡಿನದಕ್ಕಿಂತ ಬೇಗ ಸೋಲುತ್ತದೆ. ಸಮಾಧಾನದ ಮಾತೂ ಒಂದುಂಟು. ಏರಿಳಿತದ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಆಯುಸ್ಸು ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. ಬೆಸುಗೆಯ ಬುಡವನ್ನು ಅರೆದು ನುಣುಪುಮಾಡಿದರೆ, ಅಥವಾ ಸಣ್ಣ ಸುತ್ತಿಗೆಯಿಂದ ಒತ್ತೊತ್ತಾಗಿ ಬಡಿದು ಒಳಗಿನ ಎಳೆತವನ್ನು ಒತ್ತಡವಾಗಿ ತಿರುಗಿಸಿದರೆ, ಬೇರಾವ ಖರ್ಚೂ ಇಲ್ಲದೆ ಅದರ ಬಾಳು ಬೆಳೆಯುತ್ತದೆ.

ಬೆಸುಗೆಯ ಮಾತು ಬಂದಾಗಲೆಲ್ಲ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ದೂರದ ಊರಿನ ಕಾರ್ಖಾನೆಯೊಂದರಲ್ಲಿ ಕ್ರೇನಿನ ತೊಲೆಗಳನ್ನು ಪರೀಕ್ಷಿಸಿದೆ. ದೊಡ್ಡ ಬೆಸುಗೆಗಳನ್ನೆಲ್ಲ ಇಂಚಿಂಚು ನೋಡಿದ್ದೆ. ಆಮೇಲೆ ವಿದ್ಯುತ್ ತಂತಿಯ ಕೊಳವೆ ಹಾಯಿಸಲು ತೊಲೆಯ ಕೆಳಮೈಗೆ ಹೆಬ್ಬೆಟ್ಟಿನಷ್ಟು ಹಿಡಿಕೆಯೊಂದನ್ನು ಬೆಸೆಯಲೇ ಎಂದು ಕೇಳಿದರು. ಭಾರ ಹೊರದ ಹಿಡಿಕೆಗೆ ಪರೀಕ್ಷೆ ಏಕೆಂದು ತಲೆಯಾಡಿಸಿದೆ. ಆರು ವರ್ಷದ ಮೇಲೆ ತೊಲೆ ಬಿರಿದದ್ದು ಆ ಹಿಡಿಕೆಯ ಬುಡದಿಂದ. ಬಣ್ಣ ಬಳಿಯಲು ಏರಿದ್ದ ಹುಡುಗನ ಕಣ್ಣಿಗೆ ಬಿರುಕು ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ನಾರ್ವೆಯವರಿಗೆ ಆ ಅದೃಷ್ಟವಿರಲಿಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲ್ಲಾಂಡ್ ಎಂಬ ತೇಲುವ ಕಟ್ಟೆ ಮಗುಚಿತು. ಅದರ ಮೇಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ಕಟ್ಟೆಯ ಕಾಲನ್ನು ಹಿಡಿದಿದ್ದ ದೊಡ್ಡ ಕೊಳವೆಯೊಂದು ದಣಿದು ಮುರಿದಿತ್ತು. ಬಿರುಕಿನ ಮೂಲವನ್ನು ಹಿಡಿದುಹೋದರೆ ಅದು ಮುಟ್ಟಿದ್ದು ನೀರಿನೊಳಗಿನ ಸದ್ದನ್ನು ಕೇಳುವ ಉಪಕರಣಕ್ಕಾಗಿ ಬೆಸೆದ ಸಣ್ಣ ಹಿಡಿಕೆಯನ್ನು. ಬೆಸುಗೆಯ ದಪ್ಪ ಆರು ಮಿಲಿಮೀಟರು. ಆ ಹಳೆಯ ಬಿರುಕಿನೊಳಗೆ ಬಣ್ಣ ಅಂಟಿತ್ತು. ಅಂದರೆ ಕಟ್ಟೆ ಕಡಲಿಗೆ ಇಳಿಯುವ ಮುನ್ನವೇ, ಬಣ್ಣ ಬಳಿಯುವ ದಿನವೇ, ಬಿರುಕು ಅಲ್ಲಿತ್ತು. ಅದರ ಮೇಲೆ ಬಣ್ಣ ಬಳಿದಿದ್ದರು. ಈ ವಿಷಯವನ್ನು ಮೊದಲ ಸಲ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಇನ್ನು ತುಕ್ಕು. ಒಣ ಗಾಳಿಯಲ್ಲಿ ನುಣುಪಾದ ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಮೆ ಏರಿಳಿತವಾದರೆ ಎಷ್ಟು ಕೋಟಿ ಸಲವಾದರೂ ತಾಳಿಕೊಳ್ಳುತ್ತದೆ. ನೀರು ಮತ್ತು ತುಕ್ಕು ಸೇರಿದರೆ ಆ ಮಿತಿಯೇ ಅಳಿಸಿಹೋಗುತ್ತದೆ. ಅಮೆರಿಕದ ಒಹಾಯೋ ನದಿಯ ಮೇಲೆ 1928ರಲ್ಲಿ ಕಟ್ಟಿದ ಸಿಲ್ವರ್ ಬ್ರಿಜ್ ಉಕ್ಕಿನ ಸರಪಳಿಯಿಂದ ತೂಗುತ್ತಿದ್ದ ಸೇತುವೆ. 1967ರ ಡಿಸೆಂಬರಿನಲ್ಲಿ ಅದರ ಒಂದು ಕೊಂಡಿಯ ಕಣ್ಣಿನೊಳಗೆ ತುಕ್ಕು ಹಿಡಿದು ಬೆಳೆದಿದ್ದ, ಎರಡು ಮೂರು ಮಿಲಿಮೀಟರಿನ ಬಿರುಕಿನಿಂದ ಇಡೀ ಸೇತುವೆ ನದಿಗೆ ಬಿದ್ದು 46 ಜನ ಮಡಿದರು. ಅದರಲ್ಲಿ ಬೆಸುಗೆಯಿರಲಿಲ್ಲ, ಬಿರುಕಿದ್ದ ಜಾಗ ಕಳಚದೆ ಕಾಣುವಂತಿರಲಿಲ್ಲ, ಅಷ್ಟೆ. ನೀರಿನ ಮೇಲೆ ಹಗಲೂ ಇರುಳೂ ತೂಗುವ ಸರಪಳಿಯ ವಿಷಯದಲ್ಲಿ ಕ್ಲೌಸ್ಟಾಲಿನ ಅಧಿಕಾರಿಗೆ ಹುಟ್ಟಿದ ಅಳುಕು 138 ವರ್ಷದ ಮೇಲೂ ಹಳೆಯದಾಗಿರಲಿಲ್ಲ.

ನಮ್ಮ ಹೊಳೆಯ ಕಥೆ ಒಂದು ವಾರ ನಡೆಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ, ಅರವತ್ತು ಅಡಿ ಉದ್ದ, ನಾಲ್ಕಡಿ ಎತ್ತರದ ಉಕ್ಕಿನ ಅಡ್ಡಹಲಗೆಗಳನ್ನು ಈ ಸುತ್ತಿನ ಕಾರ್ಖಾನೆಗಳಲ್ಲಿ ರಾತ್ರಿಯೆಲ್ಲ ಬೆಸೆದು ತಂದು, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 16ರ ಸಂಜೆ ಮೊದಲನೆಯದು ಕುಳಿತಿತು. 17ರಂದು ಐದೂ ಕುಳಿತು ಬಾಯಿ ಮುಚ್ಚಿತು. ಹೊಸಪೇಟೆಯ ಬೆಸುಗೆಗಾರರ ಕೈ ಇನ್ನೂ ಮರೆತಿಲ್ಲವೆಂದು ನನಗೆ ಹೆಮ್ಮೆಯಾಯಿತು. ಆ ವರ್ಷ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಎ. ಕೆ. ಬಜಾಜ್ ಅವರ ತಜ್ಞ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ಉಳಿದ ಗೇಟುಗಳ ಮೇಲೂ ನಂಬಿಕೆ ಸಾಲದೆ 2025ರ ಮಳೆಗಾಲದಲ್ಲಿ 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80ರ ಆಸುಪಾಸಿಗೇ ನಿಲ್ಲಿಸಬೇಕಾಯಿತು. ಗೇಟು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದರು. ಚಹದಂಗಡಿಯ ಮುದುಕರು ಆ ಬೇಸಿಗೆಯಲ್ಲಿ ಭತ್ತ ಹಾಕಲಿಲ್ಲ.

ಮೊನ್ನೆ ಬೆಸುಗೆಯ ಅಂಗಡಿಯ ಯಜಮಾನ ಕರೆದ. ಅದೇ ಟ್ರೇಲರು, ಮೂರನೆಯ ಸಲ. ಈ ಸಲ ಪಟ್ಟಿಯನ್ನು ಕಿತ್ತು ಹಾಕಿ, ಬೆಸುಗೆಯನ್ನು ಬಳುಕು ಕಡಮೆಯಿರುವ ಜಾಗಕ್ಕೆ ಸರಿಸಿ, ಬುಡದ ಗೆರೆಗೆ ಗ್ರೈಂಡರು ಹಚ್ಚಿದ್ದ.

“ಈಗ ನೋಡ್ರಿ ಸಾರ್, ಕೈ ಆಡಿಸಿದ್ರೂ ಗೊತ್ತಾಗಾಂಗಿಲ್ಲ” ಎಂದ.

ಭೂತಗನ್ನಡಿ ಹಿಡಿದು ನೋಡಿದೆ. ಮೂರು ಬದಿ ಕನ್ನಡಿಯಂತಿತ್ತು. ಕೈ ಸುಲಭಕ್ಕೆ ಎಟುಕದ ಕೆಳಬದಿಯಲ್ಲಿ ಅರ್ಧ ಬೆರಳಿನಷ್ಟು ಉದ್ದಕ್ಕೆ ಕಪ್ಪು ಗೆರೆ ಉಳಿದಿತ್ತು. ಜೇಬಿನಿಂದ ಸೀಮೆಸುಣ್ಣ ತೆಗೆದು ಗುರುತು ಹಾಕಿದೆ. ಅವನು ಬಾಯೊಳಗೇ ಏನೋ ಅಂದುಕೊಂಡು, ಟ್ರೇಲರಿನ ಅಡಿಗೆ ಗೋಣಿತಾಟು ಹಾಸಿ ಮಲಗಿ, ಗ್ರೈಂಡರಿಗೆ ಕೈ ಚಾಚಿದ.